ಹೊದಿಕೆಗೆಷ್ಟು, ಗೊಬ್ಬರಕ್ಕೆಷ್ಟು: ಕೈತೋಟದ ಖರ್ಚಿನ ಲೆಕ್ಕ

ಸ್ನೇಹಿತರೇ,

ಕೈತೋಟಕ್ಕೆ ಬೇಕಾದ ಹೊದಿಕೆ ಮತ್ತು ಕಾಂಪೋಸ್ಟ್‌ಗಾಗಿ ನಾವು ಮಾಡುವ ಖರ್ಚು ಹೆಚ್ಚುವುದಕ್ಕೆ ಒಂದು ಮುಖ್ಯ ಕಾರಣ, ಇವೆರಡರ ಕೆಲಸ ಬೇರೆಬೇರೆ ಎಂಬುದನ್ನು ಮರೆತು ಎರಡನ್ನೂ ಒಂದೇ ದಪ್ಪಕ್ಕೆ ಹಾಸುವುದು. ಕಳೆಯನ್ನು ತಡೆದು ತೇವವನ್ನು ಉಳಿಸಬೇಕಾದ ಹೊದಿಕೆಗೆ 5ರಿಂದ 10 ಸೆಂಟಿಮೀಟರ್ ದಪ್ಪ ಬೇಕು. ಮಣ್ಣಿಗೆ ಸತ್ವ ಕೊಡುವ ಕಾಂಪೋಸ್ಟ್ ವರ್ಷಕ್ಕೊಮ್ಮೆ ಒಂದೆರಡು ಸೆಂಟಿಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. 10 ಚದರ ಮೀಟರ್ ಪಾತಿಗೆ 1 ಸೆಂಟಿಮೀಟರ್ ದಪ್ಪಕ್ಕೆ 100 ಲೀಟರ್, ಅಂದರೆ 50 ಲೀಟರಿನ ಎರಡು ಚೀಲ ಕಾಂಪೋಸ್ಟ್ ಹಿಡಿಯುತ್ತದೆ. ಅದನ್ನೇ ಹೊದಿಕೆಯಂತೆ 7 ಸೆಂಟಿಮೀಟರ್ ಹಾಸಿದರೆ ಹದಿನಾಲ್ಕು ಚೀಲ ಬೇಕು. ಆದ್ದರಿಂದ ಕೆಳಗೆ ತೆಳುವಾಗಿ ಕಾಂಪೋಸ್ಟ್, ಅದರ ಮೇಲೆ ದಪ್ಪವಾಗಿ ಅಗ್ಗದ ಒರಟು ಹೊದಿಕೆ ಎಂಬ ಕ್ರಮವನ್ನು ಪಾಲಿಸುವುದೇ ಉಳಿತಾಯದ ಮೊದಲ ಹೆಜ್ಜೆ ಎಂದು ನಾನು ತಿಳಿದಿದ್ದೇನೆ.

ಆ ಒರಟು ಹೊದಿಕೆಗೆ ಮರ ಸವರುವವರ ಯಂತ್ರದಿಂದ ಬರುವ ಕೊಂಬೆಯ ಚೂರುಗಳಷ್ಟು ಅನುಕೂಲವಾದದ್ದು ಕಡಿಮೆ. ವಿಲೇವಾರಿಯ ಖರ್ಚು ತಪ್ಪಿದರೆ ಸಾಕೆಂದು ಅವರು ಅನೇಕ ವೇಳೆ ಅದನ್ನು ಪುಕ್ಕಟೆಯಾಗಿ ಸುರಿದುಹೋಗುತ್ತಾರೆ. ಮರದ ಚೂರು ಮಣ್ಣಿನ ಸಾರಜನಕವನ್ನು ಹೀರಿಬಿಡುತ್ತದೆಂಬ ಅಂಜಿಕೆ ಹಲವರಲ್ಲಿದೆ. ಚೂರನ್ನು ಮಣ್ಣಿನೊಳಗೆ ಬೆರೆಸಿದಾಗ ಆ ಅಂಜಿಕೆ ನಿಜ. ಮೇಲೆ ಹಾಸಿದಾಗ ಕೊರತೆ ಮೇಲ್ಪದರದಲ್ಲಷ್ಟೇ ಉಂಟಾಗುವುದರಿಂದ ಬೇರೂರಿದ ಗಿಡಗಳಿಗೆ ತೊಂದರೆಯಿಲ್ಲ. ಬುಡಕ್ಕೆ ಮಾತ್ರ ತಾಗಿಸಬಾರದು, ತೊಗಟೆ ಕೊಳೆಯುತ್ತದೆ. ತರಗೆಲೆಯಂತೂ ತಾನಾಗಿಯೇ ಬೀಳುತ್ತದೆ. ಅದನ್ನು ಗುಡಿಸಿ ಸುಡುವವರೇ ಮುಂದೆ ಹೊದಿಕೆಯ ಚೀಲ ಕೊಳ್ಳುವುದು ನನಗಿನ್ನೂ ಅರ್ಥವಾಗದ ಸಂಗತಿ.

ಕಾಂಪೋಸ್ಟನ್ನು ಮನೆಯಲ್ಲೇ ಮಾಡುವವರು ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30ಕ್ಕೆ 1ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಬೇಕು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಹುಲ್ಲಿನಲ್ಲೂ ಅಡುಗೆಮನೆಯ ಸಿಪ್ಪೆಯಲ್ಲೂ ಸಾರಜನಕ ಹೆಚ್ಚು. ತೂಕ ಮಾಡುವ ಗೋಜಿಲ್ಲದೆ, ಒಂದು ಬುಟ್ಟಿ ಹಸಿಗೆ ಎರಡು ಮೂರು ಬುಟ್ಟಿ ಒಣ ಎಂದು ಹಾಕುತ್ತಾ ಹೋಗಿ, ನಾತ ಬಂದರೆ ಒಣದನ್ನೂ ರಾಶಿ ತಣ್ಣಗೆ ಕುಳಿತರೆ ಹಸಿಯನ್ನೂ ಸೇರಿಸಿದರಾಯಿತು. ರಾಶಿ ಸುಮಾರು ಒಂದು ಘನ ಮೀಟರ್ ಇದ್ದರೆ ಒಳಗಿನ ಕಾವು ನಿಲ್ಲುತ್ತದೆ, ಮತ್ತು ಆ ಕಾವು 55 ಡಿಗ್ರಿ ಸೆಲ್ಸಿಯಸ್ ಮೀರಿ ಕೆಲವು ದಿನ ಉಳಿದರೆ ಕಳೆಯ ಬೀಜಗಳಲ್ಲಿ ಬಹುಪಾಲು ಸಾಯುತ್ತವೆ. ಅಂಚಿನಲ್ಲಿರುವುದಕ್ಕೂ ಈ ಶಾಖ ತಟ್ಟಬೇಕಾದರೆ ರಾಶಿಯನ್ನು ಮಗುಚಬೇಕು. ಕೊಳೆತ ಮೇಲೆ ರಾಶಿ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುವುದರಿಂದ, ಬೇಕಾದ ಪ್ರಮಾಣದ ಎರಡು ಮೂರು ಪಟ್ಟು ಕಸವನ್ನು ಮೊದಲೇ ಕೂಡಿಹಾಕಿರಬೇಕು.

ಕೊಳ್ಳಲೇಬೇಕಾದಾಗ ಚೀಲಕ್ಕಿಂತ ಸಗಟು ಲೋಡ್ ಸಾಮಾನ್ಯವಾಗಿ ಅಗ್ಗ. ಒಂದು ಘನ ಮೀಟರ್ ಎಂದರೆ 50 ಲೀಟರಿನ ಇಪ್ಪತ್ತು ಚೀಲ. ನೆರೆಯವರೊಡನೆ ಹಂಚಿಕೊಂಡರೆ ಸಾಗಾಟದ ಹೊರೆಯೂ ಇಳಿಯುತ್ತದೆ.

ಪುಕ್ಕಟೆಯಾಗಿ ಸಿಗುವ ಸಗಣಿ ಗೊಬ್ಬರ ಮತ್ತು ಒಣಹುಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಕಳೆನಾಶಕಗಳು ದನದ ಹೊಟ್ಟೆಯನ್ನು ದಾಟಿ, ಗೊಬ್ಬರದಲ್ಲೂ ತಿಂಗಳುಗಟ್ಟಲೆ ಉಳಿಯಬಲ್ಲವು. ತಂದ ಗೊಬ್ಬರವನ್ನು ಕುಂಡದ ಮಣ್ಣಿಗೆ ಬೆರೆಸಿ ಬಟಾಣಿಯನ್ನೋ ಅವರೆಯನ್ನೋ ಬಿತ್ತಿ, ಪಕ್ಕದಲ್ಲಿ ಗೊಬ್ಬರವಿಲ್ಲದ ಇನ್ನೊಂದು ಕುಂಡವಿಟ್ಟು ಮೂರು ವಾರ ನೋಡಿರಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಳೆಯ ಎಲೆಗಳು ಮುದುಡಿ ಬಟ್ಟಲಿನಂತೆ ಸುರುಟಿಕೊಂಡರೆ, ಆ ರಾಶಿಯನ್ನು ತರಕಾರಿ ಪಾತಿಗಾಗಲಿ ಕಾಂಪೋಸ್ಟ್ ಗುಂಡಿಗಾಗಲಿ ಸೇರಿಸಕೂಡದು.