ಕಾರು ನಮ್ಮದು, ಸಾಫ್ಟ್‌ವೇರ್ ಯಾರದ್ದು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾರು ಇಟ್ಟುಕೊಂಡವರೂ ಇದ್ದೀರಿ, ಗ್ಯಾರೇಜ್ ನಡೆಸುವವರೂ ಇದ್ದೀರಿ. ಎರಡೂ ಕಡೆಯವರಿಗೆ ಸ್ವಲ್ಪ ಚುಚ್ಚುವ ಮಾತು ಆಡುತ್ತೇನೆ. ಬೈಯೋದಿದ್ದರೆ ಕೊನೆಯಲ್ಲಿ ಬೈಯಿರಿ.

ಕಾರಿನೊಳಗೆ ಕಂಪ್ಯೂಟರ್ ಬಂದಿದ್ದು ಬರೀ ಷೋಕಿಗಲ್ಲ. ಹಳೆಯ ಮಾರುತಿ 800ರಲ್ಲಿ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇತ್ತು. ಐಡ್ಲಿಂಗ್ ಸರಿಯಿಲ್ಲ ಅಂದರೆ ಮೆಕ್ಯಾನಿಕ್ ಎಂಜಿನ್ ಸದ್ದು ಕೇಳುತ್ತಾ ಸ್ಕ್ರೂ ಒಂಚೂರು ತಿರುಗಿಸುತ್ತಿದ್ದ, ಕೆಲಸ ಮುಗೀತು. ಹೊಗೆಯ ನಿಯಮ ಬಿಗಿಯಾಗುತ್ತಾ ಹೋದ ಹಾಗೆ ಅವನ ಕಿವಿ ಸಾಲದಾಯಿತು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕಲು ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಬೇಕಾಯಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್ 6 ಹೊಗೆ ನಿಯಮವನ್ನು ಸೆನ್ಸರ್‌ಗಳಿಲ್ಲದೆ ಪಾಲಿಸಲು ಆಗುವುದೇ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಏರ್‌ಬ್ಯಾಗ್ ಕೂಡ ಕಂಪ್ಯೂಟರ್ ಹೇಳಿದಂತೆ ಕೇಳುವಂಥವೇ. ಇವೆಲ್ಲ ಬೇಡ ಅನ್ನುವವನು ನಾನಲ್ಲ. ನನ್ನ ತಕರಾರು ರಿಪೇರಿ ಬಿಲ್ಲಿನ ಬಗ್ಗೆ.

ಮುಂದಿನ ಗ್ಲಾಸನ್ನೇ ತಗೊಳ್ಳಿ. ಹೈವೇಯಲ್ಲಿ ಲಾರಿ ಟೈರಿನಿಂದ ಒಂದು ಕಲ್ಲು ಸಿಡಿದು ಗ್ಲಾಸು ಬಿರುಕು ಬಿಟ್ಟಿತು ಅಂತಿಟ್ಟುಕೊಳ್ಳಿ. ಮೊದಲಾದರೆ ಹಳೇ ಗ್ಲಾಸು ತೆಗೆದು ಹೊಸದು ಅಂಟಿಸಿದರೆ ಆಯಿತು. ಈಗ ಅಡಾಸ್ (ಚಾಲಕನಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಇರುವ ಕಾರುಗಳಲ್ಲಿ ಒಳಗನ್ನಡಿಯ ಹಿಂದೆ ಒಂದು ಕ್ಯಾಮೆರಾ ಕೂತಿರುತ್ತದೆ. ಲೇನ್ ಗೆರೆ ನೋಡುವುದು, ಮುಂದಿನ ಗಾಡಿ ನೋಡಿ ಬ್ರೇಕ್ ಹಾಕಿಸುವುದು ಎಲ್ಲ ಅದೇ. ಗ್ಲಾಸು ಬದಲಾದರೆ ಅದರ ನೋಟ ಕೂದಲೆಳೆಯಷ್ಟು ಆಚೀಚೆ ಆಗಬಹುದು. ಆ ನೋಟ ಒಂದೇ ಒಂದು ಡಿಗ್ರಿ ತಪ್ಪಿದರೂ 50 ಮೀಟರ್ ದೂರದಲ್ಲಿ 87 ಸೆಂಟಿಮೀಟರ್ ತಪ್ಪುತ್ತದೆ. ನಮ್ಮ ಹೈವೇ ಲೇನಿನ ಅಗಲವೇ ಮೂರೂವರೆ ಮೀಟರ್! ಅದಕ್ಕೇ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವ ಕೆಲಸ. ಎಷ್ಟೋ ಮಾಡೆಲ್‌ಗಳಿಗೆ ಸಮತಟ್ಟಾದ ನೆಲ ಬೇಕು, ಕಾರಿನ ಮುಂದೆ ಅಳತೆ ಹಿಡಿದು ಚೌಕಗಳ ಬೋರ್ಡ್ ನಿಲ್ಲಿಸಬೇಕು, ಟೈರಿನ ಗಾಳಿಯೂ ಸರಿಯಾಗಿರಬೇಕು. ಆಮೇಲೆ ಲ್ಯಾಪ್‌ಟಾಪ್ ಹಚ್ಚಬೇಕು. ಇನ್ಶೂರೆನ್ಸ್‌ನಲ್ಲಿ ಗ್ಲಾಸಿಗೆ ಸವಕಳಿ ಕಡಿತ ಇಲ್ಲ, ಅಷ್ಟು ಪುಣ್ಯ. ಆದರೆ ಕ್ಯಾಲಿಬ್ರೇಷನ್ ಖರ್ಚು ಕ್ಲೇಮಿನಲ್ಲಿ ಸೇರುತ್ತದೋ ಇಲ್ಲವೋ, ಗ್ಲಾಸು ಬಿಚ್ಚುವ ಮುಂಚೆಯೇ ಬಾಯಿಬಿಟ್ಟು ಕೇಳಿ. ಸೆನ್ಸರ್ ಕೂರಿಸಿರುವ ಪ್ಲಾಸ್ಟಿಕ್ ಬಂಪರಿನ ಕಥೆ ಬೇರೆ. ಸವಕಳಿ ಕಡಿತವಿಲ್ಲದ ಝೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳ ಅರ್ಧ ದುಡ್ಡು ನಿಮ್ಮ ಕೈಯಿಂದಲೇ.

ಈಗ ಗ್ಯಾರೇಜ್‌ನವರ ಕಡೆ ಬರೋಣ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟ್ ಬಂತು. ಸ್ಟೇರಿಂಗ್ ಕೆಳಗೆ ಕಾರಿನ ದೋಷ ಓದಲು ಇಟ್ಟಿರುವ ಒಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದಿರಿ. ಪಿ0171 ಅಂತ ಕೋಡ್ ಬಂತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಅಷ್ಟೇ! ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಅದು ಎಲ್ಲೂ ಹೇಳಲಿಲ್ಲ. ಎಲ್ಲೋ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು, ಗಾಳಿ ಅಳೆಯುವ ಸೆನ್ಸರಿಗೆ ಧೂಳು ಮೆತ್ತಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು. ಆದರೂ ಕೋಡ್ ಕಂಡ ಕೂಡಲೇ ಸಾವಿರಾರು ರೂಪಾಯಿಯ ಸೆನ್ಸರ್ ಬದಲಾಯಿಸಿ, ಲೈಟ್ ಅಳಿಸಿ ಕಳಿಸುವವರು ಬೇಕಾದಷ್ಟು ಜನ. ವಾರದಲ್ಲಿ ಲೈಟ್ ಮತ್ತೆ ಹಾಜರ್. ಇದು ಕಂಪ್ಯೂಟರಿನ ತಪ್ಪಲ್ಲ ಸ್ವಾಮಿ.

ಆದರೆ ಗ್ಯಾರೇಜ್‌ನವರ ಕೈ ಕಟ್ಟಿಹಾಕಿರುವುದೂ ನಿಜ. ಹೊಸ ಇಸಿಯು ಹಾಕಿದರೆ ಅದನ್ನು ಆ ಕಾರಿನ ಚಾಸಿ ನಂಬರಿಗೆ, ಕೀಗೆ ಹೊಂದಿಸಬೇಕು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಸಾಮಾನ್ಯವಾಗಿ ಕಂಪನಿ ಸರ್ವಿಸ್ ಸೆಂಟರಿನಲ್ಲೇ ಇರುತ್ತದೆ. ನೀವು ಹತ್ತು ಹದಿನೈದು ಲಕ್ಷ ಕೊಟ್ಟು ತಂದ ಕಾರು, ರಿಪೇರಿಗೆ ಹೋಗಬೇಕಾದ ಬಾಗಿಲು ಮಾತ್ರ ಒಂದೇ. ಖರ್ಚಿನ ಬೇರು ಇರುವುದು ಇಲ್ಲಿ. ಕಂಪ್ಯೂಟರ್ ಚಿಪ್‌ನ ಬೆಲೆಯಲ್ಲಲ್ಲ.

ಇದು ಸುಮ್ನೆ ನನ್ನ ಗೊಣಗಾಟ ಅಂದುಕೊಳ್ಳಬೇಡಿ. 2011ರಲ್ಲಿ ಒಬ್ಬ ಗ್ರಾಹಕರು ಇದೇ ವಿಷಯ ಹಿಡಿದು, ಮಾರುಕಟ್ಟೆಯಲ್ಲಿ ಕಂಪನಿಗಳ ಏಕಸ್ವಾಮ್ಯದ ಮೇಲೆ ಕಣ್ಣಿಡುವ ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಬಿಡಿಭಾಗ, ರಿಪೇರಿ ಮಾಹಿತಿ, ಡಯಾಗ್ನೋಸ್ಟಿಕ್ ಉಪಕರಣ ಹೊರಗಿನ ಗ್ಯಾರೇಜ್‌ಗಳಿಗೆ ಸಿಗುತ್ತಿಲ್ಲ ಎಂಬುದು ಆ ಪ್ರಕರಣದ ತಿರುಳು. 2014ರ ಆಗಸ್ಟಿನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಅಷ್ಟಕ್ಕೇ ಬಿಡುತ್ತವೆಯೇ? ಮೇಲ್ಮನವಿ ಹಾಕಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರಿ (ರಿಪೇರಿಯ ಹಕ್ಕು) ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಒಳ್ಳೆಯದೇ. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ ಅಲ್ವಾ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಹಕ್ಕನ್ನು ಜನರೇ ಓಟು ಹಾಕಿ ಕಾನೂನು ಮಾಡಿಸಿಕೊಂಡರು, 2012ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ.

ಹೊರದೇಶಗಳ ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವ ಸೌಲಭ್ಯಕ್ಕೆ ತಿಂಗಳ ಬಾಡಿಗೆ ಇಟ್ಟಿತು. ಬಿಸಿ ಮಾಡುವ ತಂತಿ ಸೀಟಿನೊಳಗೆ ಆಗಲೇ ಇದೆ, ದುಡ್ಡು ಕಟ್ಟಿದರೆ ಸಾಫ್ಟ್‌ವೇರ್ ಬಿಡುತ್ತದೆ! ಜನ ಉಗಿದ ಮೇಲೆ ಮರುವರ್ಷ ಕೈಬಿಟ್ಟಿತು. ಇನ್ನೊಂದು ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ದು. ಯಾರು ಎಷ್ಟು ಜೋರಾಗಿ ಓಡಿಸುತ್ತಾರೆ, ಎಷ್ಟು ಸಲ ಗಕ್ಕನೆ ಬ್ರೇಕ್ ಒತ್ತುತ್ತಾರೆ ಅನ್ನುವ ಮಾಹಿತಿ ಕಾರಿನಿಂದ ಹೊರಟು, ಮಾರಾಟವಾಗಿ, ಇನ್ಶೂರೆನ್ಸ್ ಕಂಪನಿಗಳ ತನಕ ಹೋಗುತ್ತಿತ್ತು. ಕೆಲವರ ಪ್ರೀಮಿಯಂ ಏರಿದ ಮೇಲೆ ಗುಟ್ಟು ರಟ್ಟಾಯಿತು. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ ಕಡಿವಾಣ ಹಾಕಲು 2025ರ ಜನವರಿಯಲ್ಲಿ ಮುಂದಾಯಿತು.

ನಮ್ಮ ಕಾರುಗಳಲ್ಲೂ ಈಗ ಸಿಮ್ ಇದೆ, ಆ್ಯಪ್ ಇದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಆರ್‌ಸಿ ವರ್ಗಾವಣೆ ಜೊತೆಗೆ ಇದನ್ನೂ ಮಾಡಿಸಿಕೊಳ್ಳಿ: ಹಳೇ ಮಾಲೀಕರ ಅಕೌಂಟ್ ನಿಮ್ಮ ಕಣ್ಣೆದುರೇ ತೆಗೆಸಿ, ಎರಡು ಕೀ ಕೇಳಿ, ಸ್ಕ್ಯಾನರ್ ಹಾಕಿಸಿ ಕೋಡ್‌ಗಳ ಪಟ್ಟಿ ಇಸ್ಕೊಳ್ಳಿ. ಕೋಡ್ ಆಗಷ್ಟೇ ಅಳಿಸಿದ್ದರೆ ಅದೂ ಸ್ಕ್ಯಾನರಿನಲ್ಲಿ ಗೊತ್ತಾಗುತ್ತದೆ, ಗ್ಯಾರೇಜ್‌ನವರು ಸ್ವಲ್ಪ ಮನಸ್ಸು ಮಾಡಿ ನೋಡಿದರೆ.