ಕರೆಂಟಿಗೂ ಒಂದು ಶೇರು ಪತ್ರ

ಎಲ್ಲರಿಗೂ ನಮಸ್ಕಾರ. ಸಹಕಾರ ಸಪ್ತಾಹ ಬಂತೆಂದರೆ ಹಾಲು, ಸಾಲ, ಸಕ್ಕರೆ ಕಾರ್ಖಾನೆ, ಈ ಮೂರರ ಮಾತೇ ಜಾಸ್ತಿ. ಇವತ್ತು ಕರೆಂಟಿನ ಬಗ್ಗೆ ಮಾತಾಡಲೇಬೇಕು ಅಂತ ಹಟ ಹಿಡಿದು ಬಂದಿದ್ದೇನೆ. ಅದಕ್ಕೆ ಕಾರಣ ನಮ್ಮಮ್ಮ.

ನಾನಾಗ ಹೈಸ್ಕೂಲು. ಬೇಸಿಗೆಯಲ್ಲಿ ನಮ್ಮ ಹೊಲದ ಟಿಸಿ, ಅಂದರೆ ಪಂಪ್‌ಸೆಟ್ಟಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಅರ್ಜಿ ಬರೆದವನು ನಾನು, ಹಿಡಿದುಕೊಂಡು ಹೋದವಳು ಅಮ್ಮ. ಕರೆಂಟ್ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗೋಡೆ ಪಕ್ಕ ನಿಂತಳು. "ಮೇಲಿಂದ ಟಿಸಿ ಬಂದಿಲ್ಲ, ಮುಂದಿನ ವಾರ ಬನ್ನಿ" ಅಂದರು. ಮುಂದಿನ ವಾರವೂ ಅದೇ ಮಾತು. ಅಮ್ಮ ತುಟಿ ಬಿಚ್ಚಲಿಲ್ಲ. ಪಕ್ಕದವರ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಮೆಣಸಿನ ಸಸಿಗಳ ಬುಡಕ್ಕೆ ಹಾಕಿದೆವು. ಎಷ್ಟು ಸಸಿಗೆ ಅಂತ ಹಾಕೋದು? ಟಿಸಿ ಬಂದಿದ್ದು 19ನೇ ದಿನ. ಅಷ್ಟರಲ್ಲಿ ಅರ್ಧ ಹೊಲ ಒಣಗಿತ್ತು.

ಅದೇ ವರ್ಷ ಊರಿನ ಡೇರಿಯ ವಾರ್ಷಿಕ ಸಭೆ. ಅದೇ ಅಮ್ಮ, ಗಂಡಸರೇ ತುಂಬಿದ್ದ ಸಭೆಯಲ್ಲಿ ಎದ್ದು ನಿಂತಳು. "ಆರು ತಿಂಗಳಿಂದ ನಮ್ಮ ಹಾಲಿಗೆ ಫ್ಯಾಟ್ ಕಮ್ಮಿ ಬರೀತಿದ್ದೀರಿ. ಎಮ್ಮೆ ಅದೇ, ಮೇವು ಅದೇ. ಮಿಷನ್ ಯಾವಾಗ ಚೆಕ್ ಮಾಡಿಸಿದ್ರಿ? ಪುಸ್ತಕ ತೆಗೀರಿ" ಅಂದಳು. ಕಾರ್ಯದರ್ಶಿ ಪುಸ್ತಕ ತಂದರು. ಅಮ್ಮನಿಗೆ ಓದು ಬರುತ್ತಿರಲಿಲ್ಲ, ಅಂಕಿ ಗೊತ್ತಿತ್ತು. ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು. ಮುಂದಿನ ತಿಂಗಳು ಮಿಷನ್ ರಿಪೇರಿ ಆಯಿತು.

ಒಬ್ಬಳೇ ಹೆಂಗಸು. ಅಲ್ಲಿ ಗೋಡೆ ಪಕ್ಕ, ಇಲ್ಲಿ ಸಭೆಯ ನಡುವೆ. ಯಾಕೆ? ಡೇರಿಯಲ್ಲಿ ಅವಳ ಶೇರು ಇತ್ತು. ಕಚೇರಿಯಲ್ಲಿ ಅವಳ ಕೈಲಿದ್ದದ್ದು ಬರೀ ಅರ್ಜಿ.

ಹಾಲಿಗೆ ಆಗಿದ್ದು ಕರೆಂಟಿಗೆ ಆಗಲ್ಲ ಅನ್ನಬೇಡಿ. ಅಮೆರಿಕದಲ್ಲಿ ಆಗಿದೆ. 1930ರ ದಶಕದ ನಡುವಿನಲ್ಲಿ ಅಲ್ಲಿನ ಹತ್ತು ಹಳ್ಳಿ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟಿರಲಿಲ್ಲ. ಮನೆಗಳು ದೂರದೂರ, ಕಂಬ ನೆಟ್ಟರೆ ಲಾಭ ಬರಲ್ಲ ಅಂದವು ಖಾಸಗಿ ಕಂಪನಿಗಳು. ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಇದಕ್ಕೇ ಒಂದು ಇಲಾಖೆ ಮಾಡಿದರು. ಮರುವರ್ಷ ಕಾನೂನು ಬಂತು. ಸರ್ಕಾರ ಸಾಲ ಕೊಟ್ಟಿತು. ರೈತರು ಮನೆಮನೆಗೆ ಹೋಗಿ ಸದಸ್ಯರನ್ನು ಸೇರಿಸಿ ಸಂಘ ಕಟ್ಟಿದರು. ಇವತ್ತು ಅಂಥ ಸುಮಾರು 900 ಸಂಘಗಳಿವೆ. ಖರ್ಚು ಕಳೆದು ಉಳಿದ ಹಣ, ಯಾರು ಎಷ್ಟು ಕರೆಂಟು ಕೊಂಡಿದ್ದಾರೋ ಆ ಲೆಕ್ಕದಲ್ಲಿ ಅವರವರ ಹೆಸರಿಗೆ ಜಮಾ ಆಗುತ್ತದೆ. ಕೆಲವು ವರ್ಷ ಅದರಲ್ಲೇ ತಂತಿ ಎಳೆಯುತ್ತಾರೆ, ಆಮೇಲೆ ವಾಪಸ್ ಕೊಡುತ್ತಾರೆ. ನಮ್ಮ ಡೇರಿಯ ಬೋನಸ್ ಇದ್ದ ಹಾಗೆ, ಅಲ್ವಾ?

ಅಷ್ಟು ದೂರ ಯಾಕೆ? ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಆಗ ದೇಶದಲ್ಲಿ ಪ್ರಯೋಗಕ್ಕೆಂದು ಶುರುವಾದ ಐದರಲ್ಲಿ ಅದೂ ಒಂದು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಹುಟ್ಟಿದ್ದು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಹುಕ್ಕೇರಿಯ ಹೆಸರನ್ನು ಮಾತ್ರ ಯಾಕೋ ಮರೆಯುತ್ತೇವೆ. ನನಗೆ ಅದೇ ಬೇಜಾರು.

ಕೆಲವರು ಕೇಳುತ್ತಾರೆ, ಕರೆಂಟು ಹೊರಗಿಂದ ಕೊಳ್ಳಬೇಕು, ದರವನ್ನು ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ, ಸದಸ್ಯನಿಗೆ ಏನು ಸಿಕ್ಕಿತು ಅಂತ. ಒಳ್ಳೆಯ ಪ್ರಶ್ನೆ. ಯಾವ ಊರಿನ ಹಳೇ ತಂತಿ ಮೊದಲು ಬದಲಾಗಬೇಕು? ಬೇಸಿಗೆಗೆ ಮುಂಚೆ ಎಷ್ಟು ಟಿಸಿ ತಂದಿಟ್ಟುಕೊಳ್ಳಬೇಕು? ಸಂಘದಲ್ಲಿ ಇದನ್ನು ತೀರ್ಮಾನಿಸುವವರನ್ನು ನೀವೇ ಆರಿಸುತ್ತೀರಿ. ಹತ್ತು ಎಚ್‌ಪಿ ಪಂಪ್‌ಸೆಟ್‌ನವರಿಗೂ ಒಂದೇ ಬಲ್ಬಿನ ಮನೆಯವರಿಗೂ ಒಂದೇ ಓಟು. ಅಮ್ಮನ 19 ದಿನ ನೆನೆಸಿಕೊಳ್ಳಿ. ಕರೆಂಟಿಗೂ ಸಂಘ ಇದ್ದಿದ್ದರೆ, "ಟಿಸಿ ಯಾಕಿಲ್ಲ, ಪುಸ್ತಕ ತೆಗೀರಿ" ಅಂತ ಅಲ್ಲೂ ಕೇಳಬಹುದಿತ್ತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಎರಡೇ ನಿಮಿಷ. ಬರೆದು ತಂದಿದ್ದರಲ್ಲಿ ಲೈನ್‌ಮನ್‌ಗಳ ವಿಷಯ, ಸೋಲಾರ್ ವಿಷಯ ಬಿಡುತ್ತೇನೆ. ಒಂದನ್ನು ಬಿಡೋಕಾಗಲ್ಲ. ಹುಕ್ಕೇರಿಯ ಜೊತೆ ಶುರುವಾದ ಆ ಐದು ವಿದ್ಯುತ್ ಸಂಘಗಳಲ್ಲಿ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘವೂ ಇತ್ತು. ಕೊಂಡ ಕರೆಂಟಿನ ಬಾಕಿ ಬೆಟ್ಟದಷ್ಟು ಬೆಳೆಯಿತು, 2011ರಲ್ಲಿ ಸರಬರಾಜು ಸರ್ಕಾರಿ ಕಂಪನಿಯ ಕೈಗೆ ಹೋಯಿತು. ಅದಕ್ಕೇ ಹೇಳುತ್ತೇನೆ, ಶೇರು ಪತ್ರ ಸುಮ್ನೆ ಟ್ರಂಕಿನಲ್ಲಿಟ್ಟರೆ ಆಗಲ್ಲ. ಮಹಾಸಭೆಯ ನೋಟಿಸ್ ಬಂದ ದಿನ ಜಮಾಖರ್ಚಿನ ಪುಟ ತೆಗೆದು ನೋಡಿ. ಬಾಕಿ ಎಷ್ಟು, ಯಾರದು, ಕೇಳಿ. ಹೆಂಗಸರ ಹೆಸರಲ್ಲೂ ಶೇರು ಮಾಡಿಸಿ.

ಸಭೆಯಲ್ಲಿ ಹುಕ್ಕೇರಿ ಕಡೆಯವರು ಯಾರಾದರೂ ಇದ್ದರೆ, ಟೀ ಕುಡಿಯುವಾಗ ದಯವಿಟ್ಟು ಸಿಗಿ. ಕರೆಂಟಿನ ಶೇರು ಪತ್ರವನ್ನು ನಾನು ಇದುವರೆಗೂ ಕಣ್ಣಾರೆ ನೋಡಿಲ್ಲ. ಒಂದು ಫೋಟೋ ತೆಗೆದುಕೊಂಡು ಹೋಗಿ ಅಮ್ಮನಿಗೆ ತೋರಿಸಬೇಕು.