ಬೂದಿದಿಬ್ಬಗಳ ಸೀಮೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಹೊಸಪೇಟೆಯತ್ತ ಹೊರಟರೆ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲಿ ಗುಡ್ಡಗಳ ನಡುವೆ ಬೂದುಬಣ್ಣದ ದೊಡ್ಡದೊಂದು ದಿಬ್ಬವಿದೆ. ತಿಳಿಯದವರಿಗೆ ಅದೂ ಸುತ್ತಲಿನವುಗಳಂತೆ ತಾನಾಗಿ ಹುಟ್ಟಿದ ಗುಡ್ಡ. ಆದರೆ ಕೆದಕಿದರೆ ಕೈಗೆ ಬರುವುದು ಬೂದಿ. ಶಾಸನಗಳು ಎಡೆದೊರೆ ನಾಡೆಂದು ಕರೆದ ಕೃಷ್ಣಾ ತುಂಗಭದ್ರೆಯರ ನಡುವಣ ನೆಲದಲ್ಲಿಯೂ ಅದರ ನೆರೆಯ ಸೀಮೆಗಳಲ್ಲಿಯೂ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳನ್ನು ಗುರುತಿಸಲಾಗಿದೆ. ಸುರಪುರ ಸೀಮೆಯ ಬೂದಿಹಾಳವಂತೂ ತನ್ನ ಹೆಸರಿನಲ್ಲಿಯೇ ಬೂದಿಯನ್ನು ಉಳಿಸಿಕೊಂಡಿದೆ.

ಇವು ಹೇಗಾದವು ಎಂಬುದಕ್ಕೆ ಜನ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಜಾಗವೆಂದು ಇಂದಿಗೂ ತೋರಿಸುತ್ತಾರೆ. 19ನೇ ಶತಮಾನದ ವಿದ್ವಾಂಸರಲ್ಲಿ ಕೆಲವರು ಜ್ವಾಲಾಮುಖಿಯನ್ನು ಸಹ ಊಹಿಸಿದ್ದುಂಟು. ಇದು ಸುಟ್ಟ ಸಗಣಿ ಎಂದು ಸರಿಯಾಗಿ ಊಹಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 20ನೇ ಶತಮಾನದ ಮಧ್ಯಭಾಗದಲ್ಲಿ ನಡೆದ ಪ್ರಯೋಗಾಲಯದ ಪರೀಕ್ಷೆ ಅವರ ಮಾತನ್ನು ಎತ್ತಿಹಿಡಿಯಿತು. ದಿಬ್ಬದಲ್ಲಿ ಸಿಗುವ ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ನೋಡಿ: ಹಗುರವಾಗಿ, ತೂತು ತೂತಾಗಿ, ಅಲ್ಲಲ್ಲಿ ಗಾಜಿನಂತೆ ಹೊಳೆಯುತ್ತದೆ. ದನ ತಿಂದ ಹುಲ್ಲಿನಲ್ಲಿದ್ದ ಸಿಲಿಕಾ ಸಗಣಿಯೊಡನೆ ಸೇರಿ, ಬಹಳ ಹೊತ್ತಿನ ಬಿಸಿಗೆ ಕರಗಿ ಕಿಟ್ಟಗಟ್ಟಿದ ರೂಪ ಅದು.

ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆತ ನಡೆಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಮರದ ಗೂಟಗಳನ್ನು ನೆಟ್ಟು ಕಟ್ಟಿದ ದನದ ದೊಡ್ಡಿಯ ಗುರುತುಗಳು, ಅದರೊಳಗೆ ತುಳಿದಾಡಿದ ದನಗಳ ಗೊರಸಿನ ಅಚ್ಚುಗಳು, ಸುಟ್ಟ ಪದರದ ಮೇಲೆ ಮತ್ತೆ ಕಟ್ಟಿ ಮತ್ತೆ ಸುಟ್ಟ ಪದರಗಳು ಅಲ್ಲಿದ್ದವು. ಬೆಂಕಿ ಆಕಸ್ಮಿಕವಲ್ಲ, ಋತುಮಾನಕ್ಕೆ ತಕ್ಕಂತೆ ಬೇಕೆಂದೇ ಹಚ್ಚಿದ್ದು ಎಂದು ಆಲ್ಚಿನ್ ತಿಳಿದರು. ದನಗಳನ್ನು ಕಿಚ್ಚು ಹಾಯಿಸುವ ಸಂಕ್ರಾಂತಿಯ ಆಚರಣೆಯೊಡನೆ ಅದನ್ನು ಹೋಲಿಸಿದರು. ಈ ಹೋಲಿಕೆಯನ್ನು ಪೂರ್ತಿಯಾಗಿ ಒಪ್ಪಬೇಕೆಂದಿಲ್ಲ, ಆದರೆ ಒಂದೇ ಜಾಗದಲ್ಲಿ ತಲೆಮಾರುಗಳ ಕಾಲ ಬೆಂಕಿ ಹಚ್ಚಿದವರಿಗೆ ಅದು ಬರೀ ಕಸ ಸುಡುವ ಕೆಲಸವಾಗಿರಲಿಕ್ಕಿಲ್ಲ ಎಂದೇ ನನಗೂ ಅನ್ನಿಸುತ್ತದೆ. ಮುಂದೆ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ನಡೆಸಿದ ಅಗೆತದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನರ ವಸತಿಯೂ ಪ್ರಾಣಿಗಳನ್ನು ಕಡಿದು ಹಂಚುತ್ತಿದ್ದ ನೆಲವೂ ಕಂಡುಬಂದವು.

ಸುಮಾರಾಗಿ ಕ್ರಿ.ಪೂ. 3000ದಿಂದ 1200ರವರೆಗಿನ ಈ ನವಶಿಲಾಯುಗದ ಜನ ಹೊಳೆಯ ದಂಡೆಗಿಂತ ಹೆಚ್ಚಾಗಿ ಗುಡ್ಡಗಳನ್ನು ಆಶ್ರಯಿಸಿದ್ದೇಕೆ? ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬಂಡೆಗಳ ನಡುವಿನ ದೊಣೆಗಳಲ್ಲಿ ಮಳೆನೀರು ನಿಲ್ಲುತ್ತದೆ, ಗುಡ್ಡದ ಬುಡದಲ್ಲಿ ಜಿನುಗುತ್ತದೆ. ಅಲ್ಲಿಯ ಮರಳುಮಿಶ್ರಿತ ಕೆಂಪು ಮಣ್ಣು ಕಲ್ಲಿನ, ಕಟ್ಟಿಗೆಯ ಸಲಕರಣೆಗೂ ಮಣಿಯುತ್ತದೆ. ಆಚೆಯ ಎರೆಭೂಮಿ ಒಣಗಿದರೆ ಬಿರುಕು ಬಿಟ್ಟು ಬಿಗಿಯುತ್ತದೆ, ನೆನೆದರೆ ಕಾಲಿಗೆ ಅಂಟಿ ಎಳೆಯುತ್ತದೆ. ಎರೆಯಲ್ಲಿ ಬೆಳೆದ ಹುಲ್ಲು ದನಕ್ಕಾಯಿತು, ಗುಡ್ಡದ ಬುಡದ ಮಣ್ಣು ಕೊರಲೆ, ಹುರುಳಿ, ಹೆಸರುಗಳಿಗಾಯಿತು. ಈ ಕಾಳುಗಳು ಸುಟ್ಟು ಕರಿದಾಗಿ ಉಳಿದ ರೂಪದಲ್ಲಿ ಅಗೆತಗಳಲ್ಲಿ ಸಿಕ್ಕಿವೆ.

ಬಳ್ಳಾರಿ ನಗರಕ್ಕೆ ಅಂಟಿದಂತಿರುವ ಸಂಗನಕಲ್ಲು ಮತ್ತು ಕುಪ್ಪಗಲ್ಲಿನ ಗುಡ್ಡಗಳಲ್ಲಿ ಇದೆಲ್ಲವೂ ಒಟ್ಟಿಗೆ ಕಾಣಸಿಗುತ್ತದೆ. ಗ್ರಾನೈಟಿನ ಬಂಡೆಗಳ ನಡುವೆ ಗೋಡೆಯಂತೆ ಹಾದುಹೋದ ಕಪ್ಪು ಡೋಲರೈಟ್ ಶಿಲೆಯನ್ನು ಒಡೆದು ಅವರು ಕೊಡಲಿ ಮಾಡುತ್ತಿದ್ದರು. ಆ ಚಕ್ಕೆಗಳ ರಾಶಿ ಇಂದಿಗೂ ಹಿರೇಗುಡ್ಡದ ಮೇಲೆ ಹರಡಿಕೊಂಡಿದೆ. ಕೊಡಲಿಗಳನ್ನು ಉಜ್ಜಿ ಉಜ್ಜಿ ಬಂಡೆಗಳಲ್ಲಿ ನುಣುಪಾದ ತೋಡುಗಳು ಬಿದ್ದಿವೆ. ಪಕ್ಕದ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿಯೆತ್ತಿದ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಹಿಂದೆ ತಟ್ಟಿದವರ ಏಟು ಬಿದ್ದಲ್ಲಿ ಬಟ್ಟಲಿನಂಥ ಕುಳಿಗಳಾಗಿವೆ.

ಮುಂದೆ ಕಬ್ಬಿಣ ಬಂದ ಮೇಲೆ ಎರೆಭೂಮಿಯೂ ನೇಗಿಲಿಗೆ ಒಗ್ಗಿತು, ಊರುಗಳು ಬಯಲಿಗಿಳಿದವು, ಕೆರೆ ಕಾಲುವೆಗಳು ಬಂದವು. ಅದು ಇನ್ನೊಂದು ಭಾಷಣಕ್ಕಾಗುವಷ್ಟು ದೊಡ್ಡ ಕಥೆ.

ನನ್ನನ್ನು ಕಾಡುವ ಸಂಗತಿ ಬೇರೆಯಿದೆ. ಬೂದಿ ಹೊಲಕ್ಕೆ ಒಳ್ಳೆಯದೆಂದು ರೈತರು ಹಲವು ದಿಬ್ಬಗಳನ್ನು ಬಗೆದು ಸಾಗಿಸಿದ್ದಾರೆ. ಅವರನ್ನು ದೂರಲು ಮನಸ್ಸು ಬಾರದು. ಹೊಲಕ್ಕೆ ಗೊಬ್ಬರ ಬೇಕು, ದಿಬ್ಬ ಏನೆಂದು ಅವರಿಗೆ ಹೇಳುವ ಕೆಲಸ ನಮ್ಮಿಂದ ಆಗಲಿಲ್ಲ. ಕಲ್ಲುಗಣಿಗಳ ಸಿಡಿಮದ್ದಾದರೋ ಗುಡ್ಡಗಳನ್ನೇ ನುಂಗುತ್ತದೆ. ದಿಬ್ಬದ ಒಂದೊಂದು ಪದರವೂ ಒಂದೊಂದು ಬೆಂಕಿಯ ಗುರುತು. ಯಾವ ಪದರದ ಮೇಲೆ ಯಾವುದಿತ್ತು ಎಂಬ ಕ್ರಮ ಗಾಡಿಗೆ ತುಂಬಿದ ಕೂಡಲೇ ಅಳಿಸಿಹೋಗುತ್ತದೆ. ಉಟ್ನೂರಿನ ಗೊರಸಿನ ಅಚ್ಚುಗಳು ನಾಲ್ಕು ಸಾವಿರ ವರ್ಷ ಉಳಿದದ್ದು, ಅವುಗಳ ಮೇಲೆ ಬಿದ್ದ ಬೂದಿಯನ್ನು ಅಷ್ಟು ಕಾಲವೂ ಯಾರೂ ಸರಿಸದೆ ಇದ್ದುದರಿಂದ.

ನಮಸ್ಕಾರ.